ಹೊಸ ಎಫ್‌ಪಿಜಿಎ ಬೋರ್ಡಿಗೆ ಪಿನ್ ಪಟ್ಟಿ ಕಾಪಿ ಹೊಡೆಯಬೇಡಿ

ಎಫ್‌ಪಿಜಿಎ ಎಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ನೋಡಲು ಕೂತಾಗಲೆಲ್ಲ ಇದೇ ಮಾತು: "ಸರ್, ಬೋರ್ಡ್ ಕೆಟ್ಟೋಗ್ಯಾದ್ರಿ." ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಬೇರೆ ಬೋರ್ಡಿನ ಪಿನ್ ಫೈಲ್ (ಚಿಪ್ಪಿನ ಯಾವ ಪಿನ್ ಯಾವುದಕ್ಕೆ ಎಂಬ ಪಟ್ಟಿ) ತಂದು ಹೆಸರಷ್ಟೇ ಬದಲಿಸಿರುತ್ತಾರೆ.

ಮೊದಲು ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕೇಬಲ್. ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಎಷ್ಟೋ ಸಲ ಡೇಟಾ ತಂತಿಯೇ ಇರುವುದಿಲ್ಲ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋದರೆ ಡೇಟಾ ಕೇಬಲ್ ಅಂತಲೇ ಕೇಳಿ ತನ್ನಿ.

ಚಿಪ್ಪಿಗೆ ಡಿಸೈನ್ ಇಳಿಸುವ ಟೂಲ್ ಓಪನ್‌ಎಫ್‌ಪಿಜಿಎಲೋಡರ್‌ಗೆ ಕೇಬಲ್ (ಇಲ್ಲಿ ಬರೀ ತಂತಿಯಲ್ಲ, ಚಿಪ್ಪಿನ ಜೊತೆ ಮಾತಾಡುವ ಅಡಾಪ್ಟರ್) ಯಾವುದೆಂದು ಹೇಳಿ ಡಿಟೆಕ್ಟ್ ಕೊಡಿ. ಚಿಪ್ ತನ್ನ 32 ಬಿಟ್‌ನ ಐಡಿ ಹೇಳುತ್ತದೆ. ಆ ಐಡಿ ಟೂಲಿಗೆ ಗೊತ್ತಿದ್ದರೆ ಟೂಲಿನ ಸೋರ್ಸ್ ಕೋಡಿನಲ್ಲಿರುವ ಬೋರ್ಡ್ ಪಟ್ಟಿಗೆ ಒಂದೇ ಸಾಲು ಸೇರಿಸಿ ಮತ್ತೆ ಬಿಲ್ಡ್ ಮಾಡಿ: ಬೋರ್ಡಿನ ಹೆಸರು, ಚಿಪ್, ಕೇಬಲ್. ಲಿನಕ್ಸ್ ಪರ್ಮಿಷನ್ ಇಲ್ಲ ಅಂದರೆ ಪ್ರತಿ ಸಲ ಸೂಡೊ (ಅಡ್ಮಿನ್ ಅಧಿಕಾರ) ಹಾಕಬೇಡಿ. ಯುಡೆವ್ ರೂಲ್ (ಈ ಸಾಧನ ಬಳಸಲು ಕಾಯಂ ಅನುಮತಿ) ಒಮ್ಮೆ ಹಾಕಿದರೆ ಮುಗಿಯಿತು.

ಜನ ಎಡವುವುದು ಪಿನ್ ಫೈಲಿನಲ್ಲಿ. ಸ್ಕೀಮ್ಯಾಟಿಕ್ (ಬೋರ್ಡಿನ ಸರ್ಕ್ಯೂಟ್ ನಕ್ಷೆ) ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಪರದೆ ಮೇಲೆ ಓದಿದರೆ ಕಣ್ಣು ಸಾಲು ತಪ್ಪುತ್ತದೆ. ಟ್ಯಾಂಗ್ ನ್ಯಾನೋ 9ಕೆ ಎಂಬ ಎಫ್‌ಪಿಜಿಎ ಬೋರ್ಡ್ ನೋಡಿ. ಆರು ಎಲ್‌ಇಡಿಗಳು 10, 11, 13, 14, 15, 16ನೇ ಪಿನ್‌ಗಳಲ್ಲಿವೆ. ನಡುವೆ 12 ಇಲ್ಲ! ಸುಮ್ನೆ ಸಾಲಾಗಿ 10ರಿಂದ 15 ಅಂತ ಬರೆದರೆ ಕೆಟ್ಟಿತು. ಈ ಎಲ್‌ಇಡಿಗಳು ಹತ್ತುವುದು ಸೊನ್ನೆ ಕೊಟ್ಟಾಗ, ಒಂದು ಕೊಟ್ಟಾಗ ಅಲ್ಲ.

ಪ್ರತಿ ಪಿನ್ ಪಕ್ಕ ಅದರ ಬ್ಯಾಂಕಿನ (ಒಂದೇ ವೋಲ್ಟೇಜಿನ ಪಿನ್‌ಗಳ ಗುಂಪು) ವೋಲ್ಟೇಜ್ ಕೂಡ ಬರೆದುಕೊಳ್ಳಿ. ಇದೇ ಬೋರ್ಡಿನಲ್ಲಿ ಕ್ಲಾಕ್ (ಚಿಪ್ಪಿಗೆ ತಾಳ ಹಾಕುವ ಸಿಗ್ನಲ್) ಪಿನ್ 3.3 ವೋಲ್ಟ್, ಎಲ್‌ಇಡಿ ಪಿನ್‌ಗಳು 1.8 ವೋಲ್ಟ್. ಎಲ್ಲಕ್ಕೂ 3.3 ಅಂತ ಬರೆಯುವ ಶಾರ್ಟ್‌ಕಟ್ ಬೇಡವೇ ಬೇಡ. ಹೊರಗಿನ ಚಿಪ್ ಸಿಗ್ನಲ್ ಕಳಿಸುವ ಪಿನ್ನನ್ನು ಔಟ್‌ಪುಟ್ ಅಂತ ಬರೆದರಂತೂ ಎರಡೂ ಕಡೆಯಿಂದ ಎಳೆದಾಟವಾಗಿ ಬೋರ್ಡ್ ನಿಜವಾಗಿಯೂ ಸುಟ್ಟೀತು.

ಆಮೇಲೆ ಕ್ಲಾಕ್. ಇಲ್ಲಿ 52ನೇ ಪಿನ್‌ಗೆ 27 ಮೆಗಾಹರ್ಟ್ಸ್ ಬರುತ್ತದೆ. ಸೆಕೆಂಡಿಗೊಮ್ಮೆ ಮಿನುಗುವ ಎಲ್‌ಇಡಿ ಬರೆದು, ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. 60 ಬಂದರೆ ಸರಿ. 135 ಬಂತಾ? ಹಳೆ ಫೈಲಿನ 12 ಮೆಗಾಹರ್ಟ್ಸ್ ಹಾಗೇ ಉಳಿದಿದೆ. ಈ ಎಣಿಕೆ ಬಿಟ್ಟವರು ಮುಂದೆ ವೇಗ ತಪ್ಪಿದ ಸೀರಿಯಲ್ ಪೋರ್ಟಿನಲ್ಲಿ ಬರೀ ಕಸದ ಅಕ್ಷರ ನೋಡುತ್ತಾ ರಾತ್ರಿ ಕಳೆಯುತ್ತಾರೆ.

ಎಲ್‌ಇಡಿಗಳನ್ನು ಒಂದೊಂದಾಗಿಯೇ ಹತ್ತಿಸಿ. ಎಲ್ಲ ಒಟ್ಟಿಗೆ ಹತ್ತಿಸಿದರೆ ಎರಡು ಅದಲುಬದಲಾಗಿದ್ದರೂ ಗೊತ್ತಾಗುವುದಿಲ್ಲ ಅಲ್ವಾ? ಎಲ್ಲ ಸರಿಯಿದ್ದರೆ ಬೋರ್ಡ್ ಮೇಲೆ ಅಚ್ಚಾಗಿರುವ ರಿವಿಷನ್ ನಂಬರನ್ನೂ ಫೈಲಿನಲ್ಲಿ ಬರೆದು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ.