ಯಾವುದು ಮೊದಲು, ಯಾವುದು ಆಮೇಲೆ: ಲಿನಕ್ಸ್ ಸೇವೆಗಳ ಸರದಿ

ಜೂನ್ ಹಿಡಿಯಿತೆಂದರೆ ಕೊಡಗಿನಲ್ಲಿ ಕರೆಂಟು ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ಕರೆಂಟು ಬಂದಾಗ ತೋಟದ ಕಚೇರಿಯ ಕಂಪ್ಯೂಟರ್ ತಾನಾಗಿ ಏಳುತ್ತದೆ. ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಲೆಕ್ಕ) ಬರೆಯುವ ತಂತ್ರಾಂಶ ಮಾತ್ರ ಏಳುವುದಿಲ್ಲ. ಡೇಟಾಬೇಸ್ ಸಿದ್ಧವಾಗುವ ಮೊದಲೇ ಅದನ್ನು ಕೇಳಿ, ಉತ್ತರ ಸಿಗದೆ ನಿಂತುಬಿಟ್ಟಿರುತ್ತದೆ. ರೈಟರ್ (ತೋಟದ ಗುಮಾಸ್ತರು) ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಾರೆ. ಇಷ್ಟು ಪಾಡು ಬೇಕಿಲ್ಲ. ಲಿನಕ್ಸಿನಲ್ಲಿ ಸೇವೆಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ತಂತ್ರಾಂಶಗಳನ್ನು, ಎಬ್ಬಿಸುವುದು ಸಿಸ್ಟಮ್‌ಡಿ. ಯಾವುದು ಮೊದಲು ಎಂದು ಅದಕ್ಕೆ ಹೇಳಿದರೆ ಸಾಕು. ಮುಂದಿನ ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

1. ‘ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್ ಚೆಕ್‌ರೋಲ್’ ಎಂದು ಕೊಡಿ (ಚೆಕ್‌ರೋಲ್ ಇಲ್ಲಿ ಸೇವೆಯ ಹೆಸರು). ತಿದ್ದುಪಡಿ ಬರೆಯಲು ಬೇರೆಯೇ ಕಡತ ತೆರೆಯುತ್ತದೆ. ಸೇವೆಯ ಮೂಲ ಕಡತವನ್ನು ಮುಟ್ಟಲೇಬೇಡಿ. ತಂತ್ರಾಂಶದ ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಯನ್ನು ಅಳಿಸಿಹಾಕುತ್ತದೆ.

2. ಹೆಚ್ಚಿನವರು ಎಡವುವುದು ಇಲ್ಲಿ. ‘ಯೂನಿಟ್’ ಶೀರ್ಷಿಕೆಯನ್ನು ಚೌಕ ಆವರಣದಲ್ಲಿ ಬರೆದು, ಅದರ ಕೆಳಗೆ ಎರಡು ಸಾಲು ಸೇರಿಸಿ:

ರಿಕ್ವೈರ್ಸ್=ಮರಿಯಾಡಿಬಿ.ಸರ್ವಿಸ್
ಆಫ್ಟರ್=ಮರಿಯಾಡಿಬಿ.ಸರ್ವಿಸ್

ಮರಿಯಾಡಿಬಿ ಎಂದರೆ ಇಲ್ಲಿನ ಡೇಟಾಬೇಸ್. ಸಾಲು ಎರಡೂ ಬೇಕು. ‘ರಿಕ್ವೈರ್ಸ್’ ಎಂದರೆ ಅದು ಬೇಕು ಎಂದಷ್ಟೇ ಅರ್ಥ, ಸರದಿಯ ಮಾತಿಲ್ಲ. ಅದೊಂದೇ ಇದ್ದರೆ ಸಿಸ್ಟಮ್‌ಡಿ ಎರಡನ್ನೂ ಒಟ್ಟಿಗೇ ಎಬ್ಬಿಸುತ್ತದೆ. ‘ಆಫ್ಟರ್’ ಸರದಿಯನ್ನು ಮಾತ್ರ ಹೇಳುತ್ತದೆ. ಡೇಟಾಬೇಸನ್ನು ಯಾರೂ ಎಬ್ಬಿಸದಿದ್ದರೆ ಅದೂ ಸುಮ್ಮನಿರುತ್ತದೆ. ಸಾಲುಗಳನ್ನು ಮೇಲಿನ ಖಾಲಿ ಜಾಗದಲ್ಲೇ ಬರೆಯಿರಿ. ಕೆಳಗಿನ ಟಿಪ್ಪಣಿ ಗೆರೆಯನ್ನು ದಾಟಿ ಬರೆದದ್ದು ಉಳಿಯುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮರಿಯಾಡಿಬಿ ‘ನಾನು ಸಿದ್ಧ’ ಎಂದು ತಾನೇ ತಿಳಿಸುವ ಸೇವೆ, ಹಾಗಾಗಿ ಕಾಯುವಿಕೆ ಫಲಿಸುತ್ತದೆ. ‘ಟೈಪ್=ಸಿಂಪಲ್’ ಎಂದಿರುವ ಸೇವೆ ಓಡಲು ಶುರುವಾದ ಕ್ಷಣವೇ ಸಿದ್ಧವಾಯಿತೆಂದು ಎಣಿಕೆಯಾಗುತ್ತದೆ. ಅಂಥದ್ದರ ಹಿಂದೆ ‘ಆಫ್ಟರ್’ ಹಾಕಿ ನೆಮ್ಮದಿಯಾಗಿರಬೇಡಿ.

ಕೆಲವರು ಮೂವತ್ತು ಸೆಕೆಂಡಿನ ‘ಸ್ಲೀಪ್’ (ಸುಮ್ಮನೆ ಕಾಯುವ ಆದೇಶ) ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದನ್ನು ಕಂಡಲ್ಲಿ ತೆಗೆದುಹಾಕಿ. ಕರೆಂಟು ಹಠಾತ್ತನೆ ಹೋದ ಮೇಲೆ ಡೇಟಾಬೇಸ್ ತನ್ನ ಕಡತಗಳನ್ನು ಸರಿಪಡಿಸಿಕೊಂಡು ಏಳಬೇಕಾಗುತ್ತದೆ. ಮೂವತ್ತು ಸೆಕೆಂಡು ಸಾಲದೆ ಹೋಗುವುದು ಆ ದಿನವೇ.

3. ಇಂಟರ್‌ನೆಟ್ ಬೇಕಾದ ಸೇವೆಗೆ ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಹೆಸರನ್ನು ‘ವಾಂಟ್ಸ್’ (‘ರಿಕ್ವೈರ್ಸ್’ನಷ್ಟು ಬಿಗಿಯಲ್ಲದ ಬೇಡಿಕೆ), ‘ಆಫ್ಟರ್’ ಎರಡರಲ್ಲೂ ಕೊಡಿ. ಬರೀ ‘ನೆಟ್‌ವರ್ಕ್.ಟಾರ್ಗೆಟ್’ ಸಂಪರ್ಕ ಸಿಗುವವರೆಗೆ ಕಾಯುವುದಿಲ್ಲ. ಲೆಕ್ಕದ ಕಡತ ಬೇರೆ ಡಿಸ್ಕಿನಲ್ಲಿದ್ದರೆ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಮುಂದೆ ಅದರ ವಿಳಾಸ ಬರೆದರಾಯಿತು.

4. ಉಳಿಸಿ, ರೀಬೂಟ್ ಮಾಡಿ. ‘ಸಿಸ್ಟಮ್‌ಡಿ-ಅನಲೈಸ್ ಕ್ರಿಟಿಕಲ್-ಚೈನ್ ಚೆಕ್‌ರೋಲ್.ಸರ್ವಿಸ್’ ಎಂದು ಕೇಳಿದರೆ ಯಾರು ಯಾರಿಗಾಗಿ ಎಷ್ಟು ಹೊತ್ತು ಕಾದರು ಎಂಬುದು ಕಾಣುತ್ತದೆ. ಚೆಕ್‌ರೋಲ್ ಕೆಳಗೆ ಮರಿಯಾಡಿಬಿ ಕಾಣಿಸದಿದ್ದರೆ ಎರಡನೆಯ ಹಂತದ ಸಾಲುಗಳು ಉಳಿದಿವೆಯೇ ಎಂದು ‘ಸಿಸ್ಟಮ್‌ಸಿಟಿಎಲ್ ಕ್ಯಾಟ್ ಚೆಕ್‌ರೋಲ್’ ಕೊಟ್ಟು ನೋಡಿ.