ಬಲ, ಚಲನೆ ಮತ್ತು ಗುರುತ್ವದ ಲೆಕ್ಕಗಳಲ್ಲಿ ಸಹಾಯ ಕೇಳುವ ಬಗೆ

ಭೌತವಿಜ್ಞಾನದ ಆರಂಭದ ಪಾಠಗಳಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿ ಸಾಮಾನ್ಯವಾಗಿ ಕೇಳುವುದು ‘ಈ ಲೆಕ್ಕಕ್ಕೆ ಯಾವ ಸೂತ್ರ ಹಾಕಬೇಕು?’ ಎಂಬ ಒಂದೇ ಪ್ರಶ್ನೆಯನ್ನು. ಅದಕ್ಕೆ ಉತ್ತರ ಸಿಕ್ಕರೂ ಮುಂದಿನ ಲೆಕ್ಕಕ್ಕೆ ಮತ್ತೆ ಅದೇ ಪ್ರಶ್ನೆಯನ್ನು ಹೊತ್ತು ಹೋಗಬೇಕಾಗುತ್ತದೆ. ಬಲವಿಜ್ಞಾನ, ಅಂದರೆ ಮೆಕ್ಯಾನಿಕ್ಸ್‌ನ ಮೊದಲ ಹಂತದಲ್ಲಿ ಬರುವ ಸೂತ್ರಗಳೆಲ್ಲ ಒಂದು ಪುಟದಲ್ಲಿ ಹಿಡಿಸುತ್ತವೆ. ತಪ್ಪುಗಳು ಹುಟ್ಟುವುದು ಸೂತ್ರದ ಬಳಿಗೆ ಬರುವ ಮೊದಲೇ, ಅಂದರೆ ಚಿತ್ರ ಬರೆಯುವಾಗ, ಧನ ದಿಕ್ಕು ಯಾವುದೆಂದು ಆರಿಸುವಾಗ, ಯಾವ ದೂರವನ್ನು ಎಲ್ಲಿಂದ ಅಳೆಯಬೇಕೆಂದು ತೀರ್ಮಾನಿಸುವಾಗ. ಆದ್ದರಿಂದ ಸಹಾಯ ಕೇಳುವವರು ಉತ್ತರವನ್ನಲ್ಲ, ತಾವು ದಾರಿ ತಪ್ಪಿದ ಜಾಗವನ್ನು ಕೇಳಿ ತಿಳಿಯಬೇಕು. ಅದಕ್ಕೆ ಮೊದಲು ಒಂದಿಷ್ಟು ದಾರಿಯನ್ನು ತಾವೇ ನಡೆದಿರಬೇಕು.

ಈ ದಾರಿಯ ಮೊದಲ ಹೆಜ್ಜೆ ಚಿತ್ರ. ಲೆಕ್ಕದಲ್ಲಿರುವ ಒಂದೊಂದು ವಸ್ತುವನ್ನೂ ಉಳಿದವುಗಳಿಂದ ಬಿಡಿಸಿ, ಒಂದು ಚುಕ್ಕೆಯಾಗಿ ಬರೆದು, ಅದರ ಮೇಲೆ ವರ್ತಿಸುವ ಬಲಗಳನ್ನು ಮಾತ್ರ ಬಾಣಗಳಿಂದ ತೋರಿಸಬೇಕು. ಪ್ರತಿ ಬಾಣದ ಪಕ್ಕದಲ್ಲಿ ‘ಈ ಬಲವನ್ನು ಪ್ರಯೋಗಿಸುತ್ತಿರುವುದು ಯಾವುದು?’ ಎಂಬುದಕ್ಕೆ ಉತ್ತರವನ್ನು ಬರೆಯುವ ಅಭ್ಯಾಸ ತುಂಬ ಉಪಯುಕ್ತ. ಭೂಮಿ ಎಳೆಯುತ್ತಿದೆ, ನೆಲ ಒತ್ತುತ್ತಿದೆ, ಹಗ್ಗ ಜಗ್ಗುತ್ತಿದೆ, ಮೇಲ್ಮೈ ಉಜ್ಜುತ್ತಿದೆ ಎಂದು ಬರೆಯಲು ಸಾಧ್ಯವಾದರೆ ಆ ಬಾಣ ಉಳಿಯಬಹುದು. ಮೇಲಕ್ಕೆ ಎಸೆದ ಚೆಂಡಿಗೆ ‘ಚಲನೆಯ ಬಲ’ ಎಂಬ ಬಾಣವೊಂದನ್ನು ಬರೆದವರು ಇಲ್ಲಿ ತಡವರಿಸುತ್ತಾರೆ: ಕೈಬಿಟ್ಟ ಮೇಲೆ ಕೈ ಅದನ್ನು ಒತ್ತುತ್ತಿಲ್ಲ, ಗಾಳಿಯ ತಡೆಯನ್ನು ಬದಿಗಿಟ್ಟರೆ ಉಳಿಯುವುದು ಭೂಮಿಯ ಎಳೆತವೊಂದೇ. ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಾಗ ವೇಗ ಸೊನ್ನೆಯಾಗುತ್ತದೆಯೇ ಹೊರತು ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಸೊನ್ನೆಯಾಗುವುದಿಲ್ಲ ಎಂಬುದು ಕೂಡ ಈ ಚಿತ್ರದಿಂದಲೇ ತಿಳಿಯುತ್ತದೆ, ಏಕೆಂದರೆ ಎಳೆತದ ಬಾಣ ಅಲ್ಲಿಯೂ ಹಾಗೆಯೇ ಇದೆ.

ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. 5 ಕಿಲೋಗ್ರಾಂ ರಾಶಿಯ ಪೆಟ್ಟಿಗೆಯೊಂದು 30 ಡಿಗ್ರಿ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತಿದೆ. ಘರ್ಷಣ ಗುಣಾಂಕ 0.2 (ಅಂದರೆ ಮೇಲ್ಮೈ ಪೆಟ್ಟಿಗೆಯನ್ನು ಒತ್ತುವ ಬಲದ 0.2 ಪಾಲು ಘರ್ಷಣೆ), ವೇಗೋತ್ಕರ್ಷ ಎಷ್ಟು? ವಿದ್ಯಾರ್ಥಿಗೆ 2.94 ಬಂದಿದೆ, ಪುಸ್ತಕದ ಹಿಂಬದಿಯಲ್ಲಿ 3.2 ಎಂದಿದೆ. ‘ನನ್ನ ಉತ್ತರ ತಪ್ಪಾಗಿದೆ, ಬಿಡಿಸಿಕೊಡಿ’ ಎಂದು ಕೇಳಿದರೆ ಯಾರಾದರೂ ಪೂರ್ತಿ ಲೆಕ್ಕವನ್ನು ಬರೆದುಕೊಡಬಹುದು, ಅದನ್ನು ನಕಲು ಮಾಡಿಕೊಳ್ಳಲೂಬಹುದು. ಅದರ ಬದಲು ಹೀಗೆ ಬರೆದರೆ ಹೇಗಿರುತ್ತದೆ ನೋಡಿ: ‘ಪೆಟ್ಟಿಗೆಯ ಭಾರ 49 ನ್ಯೂಟನ್. ಇಳಿಜಾರಿನ ಉದ್ದಕ್ಕೆ ಅದರ ಭಾಗ 24.5 ನ್ಯೂಟನ್. ಮೇಲ್ಮೈಯ ಲಂಬ ಪ್ರತಿಬಲವನ್ನು 49 ಎಂದು ತೆಗೆದುಕೊಂಡು ಘರ್ಷಣೆಯನ್ನು 9.8 ನ್ಯೂಟನ್ ಎಂದು ಲೆಕ್ಕ ಹಾಕಿದೆ. ಉಳಿದ 14.7 ನ್ಯೂಟನ್ ಅನ್ನು 5ರಿಂದ ಭಾಗಿಸಿದೆ. ಎಲ್ಲಿ ತಪ್ಪಿದ್ದೇನೆ?’

ಇದನ್ನು ಓದುವವರಿಗೆ ಮೂರನೆಯ ವಾಕ್ಯದಲ್ಲೇ ಕಣ್ಣು ನಿಲ್ಲುತ್ತದೆ. ಇಳಿಜಾರಿನಲ್ಲಿ ಮೇಲ್ಮೈ ಒತ್ತುವುದು ತನಗೆ ಲಂಬವಾದ ದಿಕ್ಕಿನಲ್ಲಿ. ಆ ದಿಕ್ಕಿನಲ್ಲಿ ಭಾರದ ಭಾಗ 49 ಅಲ್ಲ, ಅದನ್ನು 30 ಡಿಗ್ರಿಯ ಕೊಸೈನಿನಿಂದ ಗುಣಿಸಿದಾಗ ಬರುವ 42.4 ನ್ಯೂಟನ್. ಘರ್ಷಣೆ 8.5ಕ್ಕೆ ಇಳಿಯುತ್ತದೆ, ಉಳಿಯುವ ಬಲ 16 ನ್ಯೂಟನ್, ವೇಗೋತ್ಕರ್ಷ 3.2 ಮೀಟರ್ ಪ್ರತಿ ಸೆಕೆಂಡ್ ವರ್ಗ. ಲಂಬ ಪ್ರತಿಬಲ ಎಂದರೆ ಯಾವಾಗಲೂ ಭಾರಕ್ಕೆ ಸಮ ಎಂಬ ನಂಬಿಕೆ ಸಮತಟ್ಟಾದ ನೆಲದ ಲೆಕ್ಕಗಳಿಂದ ಅಂಟಿಕೊಂಡು ಬಂದದ್ದು, ಮತ್ತು ಲಿಫ್ಟಿನ ಲೆಕ್ಕ ಬಂದಾಗಲೂ ಅದೇ ನಂಬಿಕೆ ಕಾಡುತ್ತದೆ. ನಿಮ್ಮ ತಪ್ಪು ಉತ್ತರವನ್ನು ಮುಚ್ಚಿಡದೆ ತೋರಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ: 2.94 ಎಂಬ ಸಂಖ್ಯೆಯೇ ಅನುಭವಿಗಳಿಗೆ ತಪ್ಪಿನ ಗುರುತು ಹೇಳುತ್ತದೆ.

ಕೆಲವು ತಪ್ಪುಗಳನ್ನು ಯಾರನ್ನೂ ಕೇಳದೆ ಹಿಡಿಯಬಹುದು. 25 ಮೀಟರ್ ಎತ್ತರದ ಮಾಳಿಗೆಯಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರವಾಗಿ ಮೇಲಕ್ಕೆ ಎಸೆದ ಕಲ್ಲು ನೆಲ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕದಲ್ಲಿ ಅನೇಕರಿಗೆ 1 ಸೆಕೆಂಡ್ ಬರುತ್ತದೆ. ಆದರೆ ಕಲ್ಲು ಮೇಲೇರಿ ನಿಲ್ಲುವುದಕ್ಕೇ 20ನ್ನು 9.8ರಿಂದ ಭಾಗಿಸಿದಷ್ಟು, ಅಂದರೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಹಾಗಿದ್ದರೆ 1 ಸೆಕೆಂಡಿನಲ್ಲಿ ಅದು ನೆಲಕ್ಕೆ ಬರುವುದೆಂತು? ಎಸೆದ ವೇಗವನ್ನು ಧನವೆಂದು ಬರೆದು, ಕೆಳಮುಖವಾದ ವೇಗೋತ್ಕರ್ಷವನ್ನೂ ಧನವೆಂದೇ ಬರೆದರೆ ಬರುವ ಉತ್ತರ ಅದು. ಅಲ್ಲಿ ಬಿಡಿಸಿರುವುದು ಕಲ್ಲನ್ನು ಕೆಳಕ್ಕೆ ಎಸೆದ ಲೆಕ್ಕ. ಮೇಲ್ಮುಖವನ್ನು ಧನವೆಂದು ಒಮ್ಮೆ ನಿರ್ಧರಿಸಿದರೆ ವೇಗ +20, ವೇಗೋತ್ಕರ್ಷ −9.8, ಸ್ಥಾನಾಂತರ −25 ಆಗುತ್ತವೆ, ಉತ್ತರ ಸುಮಾರು 5.1 ಸೆಕೆಂಡ್ ಬರುತ್ತದೆ. ಯಾವ ದಿಕ್ಕನ್ನು ಧನವೆಂದು ಆರಿಸಿದ್ದೀರಿ ಎಂಬುದನ್ನು ಹಾಳೆಯ ಮೇಲಂಚಿನಲ್ಲೇ ಬರೆದಿಡಿ. ನೆರವಾಗುವವರು ಮೊದಲು ಹುಡುಕುವುದು ಅದನ್ನೇ.

ಗುರುತ್ವದ ಅಧ್ಯಾಯಕ್ಕೆ ಬಂದರೆ ಗೊಂದಲದ ಬಗೆ ಬದಲಾಗುತ್ತದೆ. ಇಲ್ಲಿ ಎರಡು ‘ಜಿ’ಗಳಿವೆ. ಚಿಕ್ಕ ಜಿ ಎಂದರೆ ಒಂದು ಜಾಗದಲ್ಲಿ ಬೀಳುವ ವಸ್ತುವಿನ ವೇಗೋತ್ಕರ್ಷ, ಭೂಮಿಯ ಮೇಲ್ಮೈಯಲ್ಲಿ ಸುಮಾರು 9.8, ದೊಡ್ಡ ಜಿ ಎಂದರೆ ಎಲ್ಲೆಡೆಯೂ ಒಂದೇ ಆಗಿರುವ ವಿಶ್ವ ಗುರುತ್ವ ನಿಯತಾಂಕ. ಇದಕ್ಕಿಂತ ಹೆಚ್ಚು ಮಂದಿ ಎಡವುವುದು ದೂರದಲ್ಲಿ. 400 ಕಿಲೋಮೀಟರ್ ಎತ್ತರದ ಉಪಗ್ರಹ ಎಂದಾಗ ಸೂತ್ರದೊಳಗೆ ಹೋಗಬೇಕಾದದ್ದು 400 ಅಲ್ಲ, ಭೂಮಿಯ ಕೇಂದ್ರದಿಂದಿರುವ ದೂರ: ಭೂಮಿಯ ತ್ರಿಜ್ಯವಾದ 6371 ಮತ್ತು 400ರ ಮೊತ್ತವಾದ 6771 ಕಿಲೋಮೀಟರ್. ಆಗ ಅಲ್ಲಿನ ಚಿಕ್ಕ ಜಿ 8.7ರಷ್ಟು ಬರುತ್ತದೆ. ಬರಿಯ 400 ಹಾಕಿದರೆ 2,400ಕ್ಕೂ ಹೆಚ್ಚು ಬರುತ್ತದೆ, ಅಂದರೆ ಭೂಮಿಯಿಂದ ದೂರ ಸರಿದಂತೆ ಎಳೆತ ಇನ್ನೂರೈವತ್ತು ಪಟ್ಟು ಏರಿತೆಂಬ ವಿಚಿತ್ರ. ಸರಿಯಾದ ಸಂಖ್ಯೆ ಕೂಡ ಕೆಲವರನ್ನು ಬೆಚ್ಚಿಸುತ್ತದೆ, ಏಕೆಂದರೆ ಅಷ್ಟು ಎತ್ತರದಲ್ಲಿ ಸುತ್ತುವ ಗಗನಯಾತ್ರಿಗಳು ತೇಲುವುದನ್ನು ನೋಡಿ ಅಲ್ಲಿ ಗುರುತ್ವವೇ ಇಲ್ಲವೆಂದುಕೊಂಡಿರುತ್ತಾರೆ. ನೌಕೆಯೂ ಅದರೊಳಗಿನವರೂ ಜತೆಜತೆಯಾಗಿ ಬೀಳುತ್ತಿರುವುದರಿಂದ ಅವರನ್ನು ಒತ್ತುವ ನೆಲವಿಲ್ಲ, ಅಷ್ಟೇ. ಮತ್ತೆ ಅದೇ ಲಂಬ ಪ್ರತಿಬಲದ ಮಾತು.

ಗುರುತ್ವದ ಲೆಕ್ಕಗಳಲ್ಲಿ ಹತ್ತರ ಘಾತಗಳನ್ನು ಕ್ಯಾಲ್ಕುಲೇಟರಿಗೆ ತುಂಬಿ ಕಂಗೆಡುವವರಿಗೆ ನನ್ನ ಸಲಹೆ, ಸಾಧ್ಯವಿದ್ದಲ್ಲೆಲ್ಲ ಅನುಪಾತ ಹಿಡಿಯಿರಿ. ಎಳೆಯುವ ಕಾಯದ ರಾಶಿ ಎಷ್ಟು ಪಟ್ಟೋ ಚಿಕ್ಕ ಜಿ ಅಷ್ಟು ಪಟ್ಟು, ಕೇಂದ್ರದಿಂದಿರುವ ದೂರ ಎಷ್ಟು ಪಟ್ಟೋ ಅದರ ವರ್ಗದಿಂದ ಭಾಗಿಸಿದಷ್ಟು. ಚಂದ್ರನ ರಾಶಿ ಭೂಮಿಯದರ 81ನೆಯ ಒಂದು ಪಾಲು, ತ್ರಿಜ್ಯ 0.273 ಪಾಲು, 9.8ನ್ನು 81ರಿಂದಲೂ 0.273ರ ವರ್ಗದಿಂದಲೂ ಭಾಗಿಸಿದರೆ 1.62 ಬಂದೇಬಿಟ್ಟಿತು, ದೊಡ್ಡ ಜಿ ಬೇಕಾಗಲೇ ಇಲ್ಲ. ನ್ಯೂಟನ್ನನ ಕಾಲದಲ್ಲಿ ಅದರ ಬೆಲೆ ತಿಳಿದೂ ಇರಲಿಲ್ಲ. ಅದನ್ನು ಲೆಕ್ಕ ಹಾಕಲು ದಾರಿಯಾದ ಕ್ಯಾವೆಂಡಿಷ್‌ನ ಪ್ರಯೋಗ ಪ್ರಕಟವಾದದ್ದು 1798ರಲ್ಲಿ, ನ್ಯೂಟನ್ ತೀರಿಕೊಂಡು ಏಳು ದಶಕಗಳಾದ ಮೇಲೆ. ಆದರೂ ಚಂದ್ರ ಭೂಮಿಯ ತ್ರಿಜ್ಯದ 60 ಪಟ್ಟು ದೂರದಲ್ಲಿರುವುದರಿಂದ ಅದರ ವೇಗೋತ್ಕರ್ಷ 9.8ರ 3600ನೆಯ ಒಂದು ಪಾಲಾಗಿರಬೇಕೆಂಬ ಹೋಲಿಕೆ ನ್ಯೂಟನ್ನನಿಗೆ ಸಾಧ್ಯವಾಯಿತು. ಚಂದ್ರನ 27.3 ದಿನಗಳ ಸುತ್ತಿನಿಂದ ನೀವೇ ಲೆಕ್ಕ ಹಾಕಿ ನೋಡಿ: ಎರಡೂ ಕಡೆಯಿಂದ 0.0027 ಬರುತ್ತದೆ.

ಇನ್ನು ಯಾರನ್ನು ಕೇಳಬೇಕು ಎಂಬ ಮಾತು. ಪಾಠ ಮಾಡಿದ ಅಧ್ಯಾಪಕರೇ ಮೊದಲಿಗರು, ಏಕೆಂದರೆ ಅವರು ಯಾವ ಸಂಕೇತಗಳನ್ನು ಬಳಸಿದ್ದಾರೆ, ಯಾವ ಅಂದಾಜುಗಳನ್ನು ಒಪ್ಪುತ್ತಾರೆ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಸಹಪಾಠಿಗಳ ಜೊತೆ ಕೂತಾಗ ಉತ್ತರಗಳನ್ನು ಹೋಲಿಸುವ ಮುನ್ನ ಚಿತ್ರಗಳನ್ನು ಹೋಲಿಸಿ. ಭಿನ್ನಾಭಿಪ್ರಾಯ ಅಲ್ಲೇ ಸಿಗುತ್ತದೆ. ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನ ಫೆಟ್ (PhET) ಯೋಜನೆ ಉಚಿತವಾಗಿ ಕೊಡುವ ಸಿಮ್ಯುಲೇಷನ್‌ಗಳಲ್ಲಿ ಗುರುತ್ವ ಬಲ, ಕಕ್ಷೆ, ಎಸೆತ, ಘರ್ಷಣೆ ಇವಕ್ಕೆಲ್ಲ ಪ್ರತ್ಯೇಕ ಆಟಗಳಿವೆ. ದೂರವನ್ನು ಎರಡು ಪಟ್ಟು ಮಾಡಿದಾಗ ಬಲ ನಾಲ್ಕನೆಯ ಒಂದು ಪಾಲಿಗೆ ಕುಸಿಯುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಚಾಟ್‌ಬಾಟ್‌ಗಳನ್ನು ಬಳಸುವವರು ಬಹಳ. ಅವು ತಪ್ಪು ಲೆಕ್ಕವನ್ನೂ ನಯವಾದ ಭಾಷೆಯಲ್ಲಿ, ಅಳುಕಿಲ್ಲದೆ ಬರೆಯುತ್ತವೆ, ಹೀಗಾಗಿ ಮೇಲೆ ಕಲ್ಲಿನ ಲೆಕ್ಕಕ್ಕೆ ಮಾಡಿದ ಪರೀಕ್ಷೆಯನ್ನು ಅವುಗಳ ಉತ್ತರಕ್ಕೂ ಮಾಡಬೇಕು. ಪ್ರಶ್ನೆಯನ್ನು ಹಾಗೆಯೇ ಅಂಟಿಸುವ ಬದಲು ನಿಮ್ಮ ಹೆಜ್ಜೆಗಳನ್ನು ಬರೆದು, ‘ಮೊದಲ ತಪ್ಪು ಹೆಜ್ಜೆ ಯಾವುದೆಂದು ಮಾತ್ರ ಹೇಳು, ಮುಂದೆ ಬಿಡಿಸಬೇಡ’ ಎಂದು ಕೇಳುವುದು ಲೇಸು. ಅಂಕ ಸಿಗುವ ಲೆಕ್ಕವಾದರೆ ಇಂಥ ನೆರವಿಗೆ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ನೆರವು ಸಿಕ್ಕಿದ ಮೇಲೆ ಆ ಹಾಳೆಯನ್ನು ಮಡಿಸಿಟ್ಟು, ಮರುದಿನ ಖಾಲಿ ಹಾಳೆಯಲ್ಲಿ ಅದೇ ಲೆಕ್ಕವನ್ನು ಸಂಖ್ಯೆಗಳಿಲ್ಲದೆ, ಅಕ್ಷರಗಳಲ್ಲೇ ಬಿಡಿಸಿ. ಪೆಟ್ಟಿಗೆಯ ಲೆಕ್ಕದಲ್ಲಿ ರಾಶಿ ಎರಡೂ ಕಡೆ ಹೊಡೆದುಹೋಗುವುದು ಆಗ ಕಾಣುತ್ತದೆ, 5 ಕಿಲೋಗ್ರಾಂ ಎಂಬ ಮಾಹಿತಿ ಬೇಕಾಗಿರಲೇ ಇಲ್ಲ. ಆಮೇಲೆ ಕೋನವನ್ನು 90 ಡಿಗ್ರಿ ಮಾಡಿ: ಘರ್ಷಣೆ ಮಾಯವಾಗಿ ವೇಗೋತ್ಕರ್ಷ 9.8 ಬರಬೇಕು. ಸೊನ್ನೆ ಮಾಡಿದರೆ ಋಣ ಸಂಖ್ಯೆ ಬರುತ್ತದೆ, ಅಂದರೆ ಸಮತಟ್ಟಾದ ನೆಲದಲ್ಲಿ ಜಾರುತ್ತಿರುವ ಪೆಟ್ಟಿಗೆ ನಿಧಾನವಾಗುತ್ತದೆ. ನಿಂತಿರುವ ಪೆಟ್ಟಿಗೆಗೂ ಅದೇ ಋಣ ಸಂಖ್ಯೆ ಏಕೆ ಅನ್ವಯಿಸುವುದಿಲ್ಲ ಎಂಬುದು ಅಧ್ಯಾಪಕರ ಬಳಿಗೆ ಒಯ್ಯಲು ತಕ್ಕ ಮುಂದಿನ ಪ್ರಶ್ನೆ.