ರಿಸಲ್ಟ್ ಬಂದ ಮೇಲೆ ಶುರುವಾಗುವ ಕೆಲಸ

ನಮ್ಮದು ಪೀಣ್ಯದ ಕಡೆಯ ಪುಟ್ಟ ಸರ್ಕಾರಿ ಪ್ರೌಢಶಾಲೆ. ಹತ್ತನೇ ತರಗತಿಗೆ ಒಂದೇ ಸೆಕ್ಷನ್. ಮಕ್ಕಳ ಅಪ್ಪಂದಿರು ಗಾರೆ ಕೆಲಸ, ಅಮ್ಮಂದಿರು ಗಾರ್ಮೆಂಟ್ಸ್. ನಾನು ವಿಜ್ಞಾನದ ಮೇಷ್ಟ್ರು. ಮೊದಲೆಲ್ಲ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಸಿಹಿ ಹಂಚಿದರೆ ನಮ್ಮ ಕೆಲಸ ಮುಗೀತು ಅಂದುಕೊಳ್ಳುತ್ತಿದ್ದೆ.

ಒಂದು ವರ್ಷ 625ಕ್ಕೆ 561 ತೆಗೆದಿದ್ದ ಹುಡುಗಿ ಆಗಸ್ಟ್‌ನಲ್ಲಿ ಗೇಟ್ ಹತ್ತಿರ ಬಂದು ನಿಂತಿದ್ದಳು. ಪಿಯು ಸೈನ್ಸ್ ಸೇರಿದ್ದಳು. 'ಸರ್, ಏನೂ ಅರ್ಥ ಆಗ್ತಿಲ್ಲ. ಕಾಮರ್ಸ್‌ಗೆ ಹೋಗ್ಲಾ?' ಅಂದಳು. 'ವೇಗೋತ್ಕರ್ಷ ಅಂದ್ರೆ ಏನಮ್ಮ?' ಅಂತ ಕೇಳಿದೆ. ಸೂತ್ರದ ಸಮೇತ ಪಟಪಟ ಹೇಳಿದಳು. 'ಅದೇ ಆಕ್ಸಲರೇಷನ್' ಅಂದೆ. ಸುಮ್ನೆ ನನ್ನ ಮುಖ ನೋಡಿದಳು. ಪಿಯು ಸೈನ್ಸ್ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಅಂತ ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೂ ಎರಡು ವರ್ಷ ಆ ಪದವನ್ನೇ ಹೇಳಿರಲಿಲ್ಲ.

ಆಮೇಲಿಂದ ಒಂಬತ್ತನೇ ತರಗತಿಯಿಂದಲೇ ಬೋರ್ಡಿನ ಬಲತುದಿ ಇಂಗ್ಲಿಷ್ ಪದಗಳಿಗೇ ಮೀಸಲು. ವಕ್ರೀಭವನ, ರಿಫ್ರಾಕ್ಷನ್. ಮಸೂರ, ಲೆನ್ಸ್. ರೋಧ, ರೆಸಿಸ್ಟೆನ್ಸ್. ಪಾಠ ಕನ್ನಡದಲ್ಲೇ, ಉತ್ತರವೂ ಕನ್ನಡದಲ್ಲೇ. ಪದ ಮಾತ್ರ ಎರಡೂ. ಗಣಿತದ ಮೇಡಂ ಕೂಡ ಸಮಾಂತರ ಶ್ರೇಢಿಯಿಂದ ಶುರು ಮಾಡಿದರು. ಪರೀಕ್ಷೆ ಮುಗಿದ ಮೇಲೆ ಹತ್ತು ದಿನ ಫಸ್ಟ್ ಪಿಯು ಫಿಸಿಕ್ಸ್ ಪುಸ್ತಕ ಹಿಡಿದು ಕೂರುತ್ತೇವೆ. ಮೊದಲ ಸಲ ಬಂದವರು 11 ಮಕ್ಕಳು. ಉಳಿದವರು ಊರಿಗೆ ಹೋಗಿದ್ದರು, ಇಲ್ಲವೇ ಕೆಲಸಕ್ಕೆ.

ಜಾಸ್ತಿ ತಲೆನೋವು ಕಾಗದಪತ್ರದ್ದು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ಹಾಗಾಗಿ ಒಂಬತ್ತರಲ್ಲೇ ಪ್ರತಿ ಮಗುವಿಗೂ ಒಂದು ಫೈಲ್ ಮಾಡಿಸುತ್ತೇನೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರವೂ ಅದರಲ್ಲೇ. ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಇಲ್ಲದಿದ್ದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೇ ಹೋಗುವುದಿಲ್ಲ.

'ಜಾಣರೆಲ್ಲ ಸೈನ್ಸ್' ಅನ್ನುವ ಚಟ ನನಗೂ ಇತ್ತು. ಈಗ ಡಿಪ್ಲೊಮಾ ಬಗ್ಗೆ ಅಪ್ಪ ಅಮ್ಮನನ್ನು ಕೂರಿಸಿಯೇ ಹೇಳುತ್ತೇನೆ. ಮೂರು ವರ್ಷ ಓದಿದರೆ ಕೆಲಸಕ್ಕೂ ಹೋಗಬಹುದು. ಬೇಕೆಂದರೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೂ ಸೇರಬಹುದು. ಕೆಲವರು ತಲೆಯಾಡಿಸಿ ಐಟಿಐಗೆ ಕಳಿಸುತ್ತಾರೆ. ಅದೂ ಸರಿಯೇ.

ಟಿಸಿ ಕೊಡುವ ದಿನವೇ ಇನ್ನೊಂದು ಕಾಗದ ಬರೆದುಕೊಡುತ್ತೇನೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಸಿಇಟಿಯಲ್ಲಿ ಮೀಸಲಾತಿ ಇದೆಯಲ್ಲ, ಅದರ ಪ್ರಮಾಣಪತ್ರ. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿಯೂ ಬೇಕು. ಎರಡು ವರ್ಷ ಬಿಟ್ಟು ಬಂದು ಕೇಳಿದ ಹುಡುಗನಿಗಾಗಿ ಒಮ್ಮೆ ಹಳೇ ರಿಜಿಸ್ಟರ್ ಹುಡುಕುತ್ತಾ ಮಧ್ಯಾಹ್ನದ ಊಟ ಬಿಟ್ಟಿದ್ದೆ.